ಚೀಟಿ ತಪ್ಪಿದ ಎರಡು ಕಲ್ಲು

ಮೇಜಿನ ಮೇಲೆ ಎರಡು ಕಲ್ಲು, ಆಕಾಶದಿಂದ ಬಿದ್ದ ಉಲ್ಕಾಶಿಲೆಗಳು. ಎರಡೂ ಬಟಾಣಿ ಕಾಳಿಗಿಂತ ತುಸು ದಪ್ಪ. ಮೈತುಂಬ ಮಾಸಲು ಕಪ್ಪು ಸಿಪ್ಪೆ, ಅಲ್ಲಲ್ಲಿ ಕಂದು ಮಚ್ಚೆ. ಆಲ್ಕೋಹಾಲಿನಲ್ಲಿ ಅದ್ದಿ ತೆಗೆದು ಟಿಶ್ಯೂ ಕಾಗದದ ಮೇಲೆ ಒಣಗಲು ಇಟ್ಟಿದ್ದೆ. ಪಕ್ಕದಲ್ಲಿ ಎರಡು ಖಾಲಿ ಡಬ್ಬಿ, ಎರಡು ಚೀಟಿ. ಎಡಗಡೆಯ ಕಲ್ಲು ಎಡಗಡೆಯ ಡಬ್ಬಿಗೆ, ಬಲಗಡೆಯದು ಬಲಗಡೆಗೆ. ಇಷ್ಟು ಸರಳ ವಿಷಯ ಯಾರಾದರೂ ಮರೆಯುತ್ತಾರಾ ಅಂದುಕೊಂಡಿದ್ದೆ. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದೆ. ವಾಪಸ್ ಬಂದು ದೀಪವನ್ನು ಹತ್ತಿರ ಎಳೆದುಕೊಳ್ಳುವಾಗ ಅದರ ವೈರು ಟಿಶ್ಯೂಗೆ ತಾಗಿತು. ಎರಡೂ ಕಲ್ಲು ಉರುಳಿಕೊಂಡು ಹೋಗಿ ಮೇಜಿನ ಅಂಚಿನ ಪಟ್ಟಿಗೆ ತಾಗಿ ನಿಂತವು. ಪಕ್ಕ ಪಕ್ಕ, ಅವಳಿ ಮಕ್ಕಳ ಹಾಗೆ.

ಯಾವುದು ಯಾವುದು? ಗೊತ್ತಿಲ್ಲ.

ಒಂದು ಪುಲ್ಟುಸ್ಕ್. 1868ರ ಜನವರಿ 30ರ ಸಂಜೆ ಪೋಲೆಂಡಿನಲ್ಲಿ, ವಾರ್ಸಾದಿಂದ ಉತ್ತರಕ್ಕೆ, ಆಕಾಶದಿಂದ ಸಾವಿರಗಟ್ಟಲೆ ಕಲ್ಲು ಸುರಿದವು. ಎಷ್ಟು ಚಿಕ್ಕವು ಅಂದರೆ ಸಂಗ್ರಾಹಕರು ಇವತ್ತಿಗೂ ಅವನ್ನು 'ಪುಲ್ಟುಸ್ಕ್ ಬಟಾಣಿ' ಅಂತಲೇ ಕರೆಯುತ್ತಾರೆ. ಇನ್ನೊಂದು ಹೋಲ್‌ಬ್ರೂಕ್. 1912ರ ಜುಲೈ 19ರಂದು ಅಮೆರಿಕದ ಅರಿಜೋನಾದಲ್ಲಿ ರೈಲು ಹಳಿಯ ಆಸುಪಾಸಿನ ಮರಳಿನ ಮೇಲೆ ಬಿದ್ದದ್ದು. ಅಲ್ಲೂ ಹಾಗೇ, ಸಾವಿರಗಟ್ಟಲೆ ಪುಟ್ಟ ಪುಟ್ಟ ಕಲ್ಲು. ಎರಡರ ನಡುವೆ ಒಂದು ಸಾಗರ, 44 ವರ್ಷ. ನನ್ನ ಮೇಜಿನ ಮೇಲೆ ಎರಡೂ ಒಂದೇ.

ಒಡೆದು ನೋಡಿದರೆ ಗೊತ್ತಾಗುತ್ತಿತ್ತೋ ಏನೋ. ಆದರೆ ಇಂಥ ಕಲ್ಲಿನ ಅಂದವೆಲ್ಲ ಇರುವುದೇ ಅದು ಇಡಿಯಾಗಿರುವುದರಲ್ಲಿ. ಚೀಟಿ ಯಾವುದು ಅಂತ ತಿಳಿಯಲು ಕಲ್ಲನ್ನೇ ಒಡೆಯುವುದು, ಹೆಸರು ಕೇಳೋಕೆ ಮನೆ ಬಾಗಿಲು ಮುರಿದ ಹಾಗೆ.

ಉಲ್ಕಾಶಿಲೆ ಕೂಡಿಡುವ ಹುಚ್ಚು ಹತ್ತಿದ ಮೊದಲ ಕೆಲವು ವರ್ಷ ನನಗೆ ಚೀಟಿ ಅಂದರೆ ಬರೀ ಅಲಂಕಾರ. ಡಬ್ಬಿ ಮುಚ್ಚಳದ ಕೆಳಗೆ ಚೆಂದದ ಅಕ್ಷರದಲ್ಲಿ ಹೆಸರು ಇದ್ದರೆ ನೋಡಲು ಚೆನ್ನ, ಅಷ್ಟೇ. ಮುಖ್ಯವಾದದ್ದು ಕಲ್ಲು, ಅಲ್ವಾ? ಆ ದಿನ ಮೇಜಿನ ಮುಂದೆ ಕೂತಾಗ ಅದು ತಲೆಕೆಳಗಾಯಿತು. ಯೋಚನೆ ಮಾಡಿ ನೋಡಿ. ಕಲ್ಲಿಗೆ ತನ್ನ ಬಗ್ಗೆ ಹೇಳಲು ಬೇಕಾದಷ್ಟಿದೆ. ಲ್ಯಾಬಿಗೆ ಕೊಟ್ಟರೆ ತನ್ನ ವಯಸ್ಸು ಸುಮಾರು 456 ಕೋಟಿ ವರ್ಷ ಅಂತ ಹೇಳುತ್ತೆ. ಹುಟ್ಟಿದ ಮೇಲೆ ಎಷ್ಟು ಬಿಸಿಯಾಯಿತು, ಎಷ್ಟು ಪೆಟ್ಟು ತಿಂದಿತು, ಬಾಹ್ಯಾಕಾಶದಲ್ಲಿ ಎಷ್ಟು ಕಾಲ ಅಲೆಯಿತು ಎಲ್ಲಾ ಹೇಳುತ್ತೆ. ಆದರೆ ಜುಲೈ 19 ಅಂತ ಹೇಳೋದಿಲ್ಲ. ಯಾವ ಊರಿನ ಬಳಿ ಬಿತ್ತು, ಯಾರು ಹೆಕ್ಕಿದರು, ಯಾರ ಕೈಯಿಂದ ಯಾರ ಕೈಗೆ ಬಂತು, ಒಂದೂ ಅದರೊಳಗೆ ಇಲ್ಲ. ಅದೆಲ್ಲ ಇರುವುದು ಬೆರಳಗಲದ ಒಂದು ಕಾಗದದಲ್ಲಿ. ಕಲ್ಲು ಗಾಳಿಯಲ್ಲಿ ಉರಿದು ಬಂದು ಉಳಿದಿದೆ. ಕಾಗದಕ್ಕೆ ಒಂದು ಲೋಟ ನೀರು ಚೆಲ್ಲಿದರೆ ಮುಗಿಯಿತು.

ಸಂಗ್ರಾಹಕರು ಕಲ್ಲುಗಳನ್ನು ಮೊದಲಿಗೇ ಎರಡು ಗುಂಪು ಮಾಡುತ್ತಾರೆ. ಬೀಳುವುದನ್ನು ಜನ ಕಂಡವು ಒಂದು ಗುಂಪು. ಬಿದ್ದಿದ್ದು ಮುಂದೆಂದೋ ಕೈಗೆ ಸಿಕ್ಕವು ಇನ್ನೊಂದು. ಈ ವ್ಯತ್ಯಾಸ ಕೂಡ ಎಷ್ಟೋ ಸಲ ಚೀಟಿಯಲ್ಲಿ ಮಾತ್ರ ಉಳಿದಿರುತ್ತೆ.

ಹೆಸರಿನ ವಿಷಯಕ್ಕೆ ಬರ್ತೀನಿ. ಉಲ್ಕಾಶಿಲೆಗೆ ನಾವು ನಾವೇ ಹೆಸರಿಡುವ ಹಾಗಿಲ್ಲ. ಮೀಟಿಯೊರಿಟಿಕಲ್ ಸೊಸೈಟಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಿನ ಸಮಿತಿ ಒಪ್ಪಬೇಕು. ಸಿಕ್ಕ ಜಾಗದ ಹೆಸರೇ ಕಲ್ಲಿನ ಹೆಸರು. ವ್ಯಕ್ತಿಯ ಹೆಸರಿಲ್ಲ, ಹೆಕ್ಕಿದವರ ಹೆಸರಿಲ್ಲ. ಹೊಸದಾಗಿ ಹೆಸರು ಬೇಕಾದರೆ ಕಲ್ಲಿನ ಒಂದು ಪಾಲನ್ನು ಮಾನ್ಯತೆ ಇರುವ ಸಂಗ್ರಹಾಲಯಕ್ಕೋ ಸಂಶೋಧನಾ ಸಂಸ್ಥೆಗೋ ಕೊಡಬೇಕು. 20 ಗ್ರಾಂ, ಇಲ್ಲವೇ ಒಟ್ಟು ತೂಕದ ಶೇಕಡಾ 20, ಎರಡರಲ್ಲಿ ಯಾವುದು ಕಡಿಮೆಯೋ ಅದು. ಒಂದು ಸಲ ಒಪ್ಪಿದ ಹೆಸರು ಎಲ್ಲರೂ ನೋಡಬಹುದಾದ ಪಟ್ಟಿಗೆ ಸೇರುತ್ತೆ. ಚೀಟಿಯಲ್ಲಿ ಬರೆಯಬೇಕಾದದ್ದು ಆ ಪಟ್ಟಿಯಲ್ಲಿ ಇರುವ ಹಾಗೇ, ಅಕ್ಷರಕ್ಕೆ ಅಕ್ಷರ. ಕಾಗುಣಿತ ತಪ್ಪು ಅನಿಸಿದರೂ ತಿದ್ದಬಾರದು.

ಇದಕ್ಕೆ ನನ್ನ ಇಷ್ಟದ ಉದಾಹರಣೆ ಶೆರ್ಗೊಟ್ಟಿ. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಕಡೆ ಬಿದ್ದ ಕಲ್ಲು. ಊರಿನ ಹೆಸರು ಶೇರ್‌ಘಾಟಿ. ಆ ಕಾಲದ ಇಂಗ್ಲಿಷ್ ಅಧಿಕಾರಿಗಳ ಬರವಣಿಗೆಯಲ್ಲಿ ಅದು ಶೆರ್ಗೊಟ್ಟಿ ಆಯಿತು, ಹಾಗೇ ಕೂತುಬಿಟ್ಟಿತು. ಮುಂದೆ ಅದೇ ಬಗೆಯ ಕಲ್ಲುಗಳು ಮಂಗಳ ಗ್ರಹದವು ಅಂತ ಗೊತ್ತಾಯಿತು. ಆ ಇಡೀ ಬಗೆಗೆ ಇವತ್ತು ಶೆರ್ಗೊಟ್ಟೈಟ್ ಅಂತ ಹೆಸರು. ಮಂಗಳದಿಂದ ಬಂದ ಕಲ್ಲುಗಳಿಗೆ ಯಾವುದೋ ಗುಮಾಸ್ತನ ಕಿವಿಗೆ ಕೇಳಿದ ಬಿಹಾರದ ಊರಿನ ಹೆಸರು! ಇದನ್ನು ತಿದ್ದಿ 'ಸರಿ' ಮಾಡಲು ಹೋದರೆ ಕಲ್ಲಿಗೂ ಪಟ್ಟಿಗೂ ಇರುವ ಕೊಂಡಿ ಕಳಚುತ್ತೆ. ನಮ್ಮ ಕಿವಿಗೆ ಕಿರಿಕಿರಿ ಆದರೆ ಆಗಲಿ.

ಮರುಭೂಮಿ, ಹಿಮದ ನೆಲಗಳಲ್ಲಿ ಊರೇ ಇಲ್ಲ, ಹೆಸರೆಲ್ಲಿಂದ ತರೋದು? ಅಂಥ ಕಡೆ ಪ್ರದೇಶದ ಹೆಸರಿನ ಜೊತೆ ಒಂದು ಸಂಖ್ಯೆ. ಸಹಾರಾ ಕಡೆಯಿಂದ ಮಾರುಕಟ್ಟೆಗೆ ಬರುವ ಸಾವಿರಾರು ಕಲ್ಲುಗಳಿಗೆ 'ನಾರ್ತ್‌ವೆಸ್ಟ್ ಆಫ್ರಿಕಾ' ಅಂತ ಹೆಸರಿಟ್ಟು ಮುಂದೆ ಸಂಖ್ಯೆ ಹಾಕುತ್ತಾರೆ. ಎನ್‌ಡಬ್ಲ್ಯುಎ 869 ಅಂದರೆ ಸಂಗ್ರಾಹಕರಲ್ಲಿ ಬಹುತೇಕ ಎಲ್ಲರ ಬಳಿ ಇರುವ ಕಲ್ಲು. ಅಷ್ಟು ಜಾಸ್ತಿ ಸಿಕ್ಕಿದೆ. ಆದರೆ ಅದರ ಹೆಸರಿನಲ್ಲಿ ಬರುವ ಪ್ರತಿ ಕಲ್ಲೂ ಅದೇನಾ? ಒಂದೇ ಚೀಲದಲ್ಲಿ ಬೇರೆ ಕಲ್ಲು ಸೇರಿಕೊಳ್ಳುವುದು ಸುಲಭ. ಹಾಗಾಗಿ ನನ್ನ ಬಳಿ ಇರುವ ಮೂರು ತುಂಡಿನ ಚೀಟಿಯಲ್ಲಿ ಹೆಸರಿನ ಮುಂದೆ 'ಮಾರಿದವರು ಹೇಳಿದ್ದು' ಅಂತ ಬರೆದಿದ್ದೀನಿ. ಮೊದಲು ಹೀಗೆ ಬರೆಯಲು ನಾಚಿಕೆ ಆಗ್ತಿತ್ತು. ಯಾರಾದರೂ ನೋಡಿದರೆ ಕಲ್ಲಿನ ಬೆಲೆ ಕಡಿಮೆ ಅಂದುಕೊಳ್ತಾರೇನೋ ಅಂತ. ಈಗ ಆ ಎರಡು ಪದ ಇಲ್ಲದ ಚೀಟಿ ಕಂಡರೆ ನನಗೇ ಅನುಮಾನ.

ಅಂಟಾರ್ಕ್ಟಿಕಾದ ಪದ್ಧತಿ ಇನ್ನೂ ಚೊಕ್ಕ. ಜಾಗದ ಮೂರು ಅಕ್ಷರ, ವರ್ಷದ ಎರಡು ಅಂಕಿ, ಆಮೇಲೆ ಕ್ರಮಸಂಖ್ಯೆ. ಎಎಲ್‌ಎಚ್ 84001 ಅಂದರೆ ಆಲನ್ ಹಿಲ್ಸ್‌ನಲ್ಲಿ 1984ರ ಋತುವಿನಲ್ಲಿ ಹೆಕ್ಕಿದವುಗಳಲ್ಲಿ ಮೊದಲ ಸಂಖ್ಯೆ ಪಡೆದ ಕಲ್ಲು. ಸುಮಾರು 1.9 ಕೆಜಿ. ಅದು ಡಯೋಜೆನೈಟ್, ಅಂದರೆ ಒಂದು ಕ್ಷುದ್ರಗ್ರಹದ ತುಂಡು ಅಂತ ವರ್ಗ ಬರೆದು ಇಟ್ಟರು. ಸುಮಾರು ಒಂಬತ್ತು ವರ್ಷ ಅದು ಹಾಗೇ ಇತ್ತು. 1993ರಲ್ಲಿ ಡೇವಿಡ್ ಮಿಟ್ಲ್‌ಫೆಲ್ಟ್ ಎಂಬ ವಿಜ್ಞಾನಿ ಡಯೋಜೆನೈಟುಗಳ ಅಧ್ಯಯನ ಮಾಡುತ್ತಿದ್ದಾಗ ಇದೊಂದು ಉಳಿದವುಗಳ ಜೊತೆ ಹೊಂದುತ್ತಿಲ್ಲ ಅಂತ ಕಂಡಿತು. ನೋಡಿದರೆ ಅದು ಮಂಗಳದ ಕಲ್ಲು. 1996ರಲ್ಲಿ ಅದರೊಳಗೆ ಹಿಂದಿನ ಜೀವದ ಕುರುಹು ಇದೆ ಎಂಬ ವಾದ ಬಂದು ಲೋಕವೆಲ್ಲ ಗದ್ದಲವಾಯಿತು. ಆ ವಾದವನ್ನು ಈಗ ಹೆಚ್ಚಿನವರು ಒಪ್ಪುವುದಿಲ್ಲ, ಅದು ಬೇರೆ ಕತೆ.

ನನಗೆ ಈ ಕತೆಯಲ್ಲಿ ಹಿಡಿಸಿದ್ದು ಗದ್ದಲ ಅಲ್ಲ. ಕಲ್ಲಿನ ವರ್ಗ ಬದಲಾಯಿತು, ಬಂದ ಗ್ರಹವೇ ಬದಲಾಯಿತು, ಸಂಖ್ಯೆ ಮಾತ್ರ ಬದಲಾಗಲಿಲ್ಲ. 84001 ಆಗಲೂ 84001, ಈಗಲೂ 84001. ಯಾಕಂದರೆ ಆ ಸಂಖ್ಯೆ ಕಲ್ಲು ಏನು ಅಂತ ಹೇಳುವ ಗೋಜಿಗೇ ಹೋಗಿರಲಿಲ್ಲ. ಎಲ್ಲಿ, ಯಾವಾಗ, ಎಷ್ಟನೆಯದು, ಅಷ್ಟೇ.

ಇದು ತಿಳಿಯುವ ಮೊದಲು ನಾನು ಭಾರಿ ಜಾಣತನ ಮಾಡಿದ್ದೆ. ನನ್ನ ಸಂಗ್ರಹಕ್ಕೆ ನಾನೇ ಒಂದು ಗುಪ್ತಲಿಪಿ ಕಟ್ಟಿದ್ದೆ. ಮೊದಲು ವರ್ಗ, ಆಮೇಲೆ ಖಂಡ, ಆಮೇಲೆ ಬಿದ್ದದ್ದೋ ಸಿಕ್ಕಿದ್ದೋ, ಕೊನೆಗೆ ಸಂಖ್ಯೆ. ಓದಿದ ತಕ್ಷಣ ಕಲ್ಲಿನ ಜಾತಕವೇ ಗೊತ್ತಾಗಬೇಕು ಅಂತ ಆಸೆ. ಹೋಲ್‌ಬ್ರೂಕ್‌ಗೆ 'ಎಲ್6' ಅಂತ ಶುರುವಾಗುವ ಸಂಖ್ಯೆ. ಎಲ್ ಅಂದರೆ ಲೋಹ ಕಡಿಮೆ ಇರುವ ಗುಂಪು, ಎಲ್‌ಎಲ್ ಅಂದರೆ ಇನ್ನೂ ಕಡಿಮೆ; ಪಕ್ಕದ ಅಂಕಿ ಕಲ್ಲು ಎಷ್ಟು ಬಿಸಿಯಾಗಿ ಮಾರ್ಪಟ್ಟಿದೆ ಎಂಬ ದರ್ಜೆ. ಮುಂದೆ ನೋಡಿದರೆ ಅದು ಎಲ್ ಗುಂಪಿಗೂ ಎಲ್‌ಎಲ್ ಗುಂಪಿಗೂ ನಡುವಿನದು ಅಂತ ಪಟ್ಟಿಯಲ್ಲಿದೆ. ಈಗ ಸಂಖ್ಯೆ ಬದಲಿಸಬೇಕಾ? ಬದಲಿಸಿದರೆ ಹಳೆಯ ಫೋಟೋಗಳ ಮೇಲಿನ ಸಂಖ್ಯೆ? ನೋಟ್‌ಬುಕ್ಕಿನದು? ಡಬ್ಬಿಯ ಅಡಿಯಲ್ಲಿ ಅಂಟಿಸಿದ್ದು? ಒಂದನ್ನು ತಿದ್ದಲು ಹೋಗಿ ನಾಲ್ಕು ಕಡೆ ಎಡವಟ್ಟಾಯಿತು. ಕೊನೆಗೆ ಒಂದು ಭಾನುವಾರ ಎಲ್ಲಾ ಕಿತ್ತುಹಾಕಿ 1, 2, 3 ಅಂತ ಶುರುಮಾಡಿದೆ. ಬಂದ ಕ್ರಮದಲ್ಲಿ ಸಂಖ್ಯೆ. ಕಲ್ಲು ಕೊಟ್ಟುಬಿಟ್ಟರೂ ಆ ಸಂಖ್ಯೆ ಇನ್ನೊಂದಕ್ಕಿಲ್ಲ. ಒಂದು ಕಲ್ಲನ್ನು ಕೊಯ್ದು ಎರಡು ಮಾಡಿದರೆ 37.1, 37.2. ಇಷ್ಟೇ ನನ್ನ ಪದ್ಧತಿ. ಪೆದ್ದು ಪದ್ಧತಿ, ಆದರೆ ಇವತ್ತಿನವರೆಗೂ ಕೈ ಕೊಟ್ಟಿಲ್ಲ.

ಸಂಖ್ಯೆಯನ್ನು ಕಲ್ಲಿನ ಮೈಮೇಲೆ ಬರೆಯಬೇಕಾ ಬೇಡವಾ ಅನ್ನೋದು ಸಂಗ್ರಾಹಕರಲ್ಲಿ ಮುಗಿಯದ ಜಗಳ. ಬೇಡ ಅನ್ನುವವರು, 456 ಕೋಟಿ ವರ್ಷದ ಕಲ್ಲಿಗೆ ಬಣ್ಣ ಬಳಿಯಲು ನೀನ್ಯಾರು ಅಂತಾರೆ. ಬೇಕು ಅನ್ನುವವರು ಹಾರ್ವೆ ನೈನಿಂಗರ್ ಕಡೆ ಬೆರಳು ತೋರಿಸುತ್ತಾರೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಊರೂರು ಸುತ್ತಿ, ರೈತರಿಗೆ ಉಲ್ಕಾಶಿಲೆ ಹೇಗಿರುತ್ತೆ ಅಂತ ತೋರಿಸಿ, ಅವರ ಹೊಲದ ಕಲ್ಲುಗಳನ್ನು ಕೂಡಿಸಿದ ಮನುಷ್ಯ ಅವರು. ತಮ್ಮ ಕಲ್ಲುಗಳ ಮೇಲೆ ಬಣ್ಣದಲ್ಲಿ ಪುಟ್ಟ ಸಂಖ್ಯೆ ಬರೆಯುತ್ತಿದ್ದರು. 1958ರಲ್ಲಿ ಅವರ ಸಂಗ್ರಹದ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. 1960ರಲ್ಲಿ ಉಳಿದ ದೊಡ್ಡ ಭಾಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. ಅದಕ್ಕೂ ಮೊದಲು ಅವರು ಮಾರಿದ, ಬದಲಾಯಿಸಿಕೊಂಡ ತುಣುಕುಗಳು ಎಲ್ಲೆಲ್ಲೋ ಚದುರಿದವು. ಅವುಗಳಲ್ಲಿ ಎಷ್ಟಕ್ಕೋ ಜೊತೆಯ ಕಾಗದ ಕಳೆದುಹೋಗಿದೆ. ಆದರೂ ಮೈಮೇಲಿನ ಆ ಪುಟ್ಟ ಸಂಖ್ಯೆಯಿಂದ ಇದು ಇಂಥದ್ದೇ ಅಂತ ಹೇಳಬಹುದು. ಇವತ್ತು ನೈನಿಂಗರ್ ಸಂಖ್ಯೆ ಇರುವ ಕಲ್ಲು ಅಂದರೆ ಜನ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಬಣ್ಣ ಬಳಿದದ್ದಕ್ಕೇ ಬೆಲೆ!

ನಾನು ಬರೆಯುವವರ ಕಡೆ. ಆದರೆ ನೇರವಾಗಿ ಕಲ್ಲಿನ ಮೇಲೆ ಅಲ್ಲ. ಸಂಗ್ರಹಾಲಯದವರು ಮಾಡುವ ಹಾಗೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ಅಸಿಟೋನಿನಲ್ಲಿ ಕರಗಿಸಿ ತೆಳ್ಳಗೆ ಒಂದು ಲೇಪ. ಉಗುರಿನ ಕಾಲುಭಾಗದಷ್ಟು ಜಾಗ ಸಾಕು. ಕಪ್ಪು ಸಿಪ್ಪೆಯ ಮೇಲೆ ಕಪ್ಪು ಶಾಯಿ ಕಾಣೋದಿಲ್ಲವಲ್ಲ, ಅದಕ್ಕೆ ಬಿಳಿ ಬಣ್ಣದ ಒಂದು ಚುಕ್ಕೆ. ಅದರ ಮೇಲೆ ಸಂಖ್ಯೆ. ಮೇಲೆ ಮತ್ತೊಂದು ಲೇಪ. ಮುಂದೆ ಯಾರಿಗಾದರೂ ಬೇಡ ಅನಿಸಿದರೆ ಅಸಿಟೋನ್ ತಾಗಿಸಿದ ಹತ್ತಿ ಕಡ್ಡಿಯಿಂದ ಒರೆಸಿದರೆ ಎಲ್ಲಾ ಹೋಗುತ್ತೆ. ಜಾಗ ಆರಿಸುವಾಗ ಮಾತ್ರ ಅವಸರ ಮಾಡಬಾರದು. ಗಾಳಿಯಲ್ಲಿ ಕರಗಿ ಹರಿದ ಗೆರೆಗಳ ಮೇಲೆ ಬೇಡ, ಹೆಬ್ಬೆರಳು ಒತ್ತಿದ ಹಾಗಿರುವ ಗುಳಿಗಳಲ್ಲಿ ಬೇಡ, ಕೊಯ್ದು ನುಣುಪು ಮಾಡಿದ ಮುಖದ ಮೇಲಂತೂ ಬೇಡವೇ ಬೇಡ. ಕಲ್ಲು ಸಹಜವಾಗಿ ಕೂರುವ ಕೆಳಬದಿ ಎಲ್ಲಕ್ಕಿಂತ ಒಳ್ಳೆಯದು.

ಈ ಎರಡು ಬಟಾಣಿಗಳಿಗೆ ಮಾತ್ರ ಬರೆದಿರಲಿಲ್ಲ. ಇಷ್ಟು ಚಿಕ್ಕದಕ್ಕೆ ಯಾಕೆ ಅಂತ ಸುಮ್ನೆ ಬಿಟ್ಟಿದ್ದೆ. ಡಬ್ಬಿಯಲ್ಲಿ ಚೀಟಿ ಇದೆಯಲ್ಲ ಅಂತ.

ಸರಿ, ನೋಟ್‌ಬುಕ್ ತೆಗೆದೆ. ತೂಕ ನೋಡಿದರೆ ಗೊತ್ತಾಗಿಬಿಡುತ್ತೆ ಅಂತ ಧೈರ್ಯ. ಪುಲ್ಟುಸ್ಕ್: 1.6 ಗ್ರಾಂ. ಹೋಲ್‌ಬ್ರೂಕ್: 1.6 ಗ್ರಾಂ. ಆಗ ನನ್ನ ಬಳಿ ಇದ್ದದ್ದು ಒಂದೇ ದಶಮಾಂಶ ತೋರಿಸುವ ತಕ್ಕಡಿ. ಹೊಸ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದು 1.58, ಇನ್ನೊಂದು 1.64. ವ್ಯತ್ಯಾಸ ಇದೆ, ಆದರೆ ನನ್ನ ಪುಸ್ತಕಕ್ಕೆ ಗೊತ್ತಿಲ್ಲ. ಎರಡೂ ಅಲ್ಲಿ ದುಂಡಗಾಗಿ 1.6 ಆಗಿ ಕೂತಿವೆ. ಫೋಟೋ ಹುಡುಕಿದೆ. ಇದ್ದದ್ದು ಒಂದೊಂದೇ. ಮೇಲಿಂದ ತೆಗೆದದ್ದು, ಪಕ್ಕದಲ್ಲಿ ಅಳತೆಯ ಗುರುತಿಲ್ಲ, ಫ್ಲಾಶ್ ಬೆಳಕು ಬಿದ್ದು ನಡುವೆ ಬಿಳಿ ಮಚ್ಚೆ. ಎರಡು ಕರಿ ಉಂಡೆಗಳ ಎರಡು ಕೆಟ್ಟ ಚಿತ್ರ. ಮೇಜಿನ ಮೇಲಿನ ಕಲ್ಲನ್ನು ಯಾವ ಕಡೆ ತಿರುಗಿಸಿದರೂ ಎರಡೂ ಫೋಟೋಗೆ ಹೊಂದುತ್ತಿತ್ತು. ಹೊಂದಿಸಬೇಕು ಅಂತ ಹಟ ಹಿಡಿದರೆ ಏನು ಬೇಕಾದರೂ ಹೊಂದುತ್ತೆ.

ಆ ರಾತ್ರಿ ಎರಡನ್ನೂ ಒಂದೇ ಡಬ್ಬಿಗೆ ಹಾಕಿ, ಮೇಲೆ 'ಪುಲ್ಟುಸ್ಕ್ ಅಥವಾ ಹೋಲ್‌ಬ್ರೂಕ್' ಅಂತ ಬರೆದೆ. ಬರೆಯುವಾಗ ಆದ ಸಂಕಟ ಹೇಳಿದರೆ ನಗಬೇಡಿ.

ನಡುವೆ ಒಂದು ಮಾತು. ಫ್ರಾನ್ಸಿನ ಎನ್ಸಿಶೈಮ್ ಊರಿನಲ್ಲಿ 1492ರ ನವೆಂಬರ್ 7ರಂದು ದೊಡ್ಡ ಕಲ್ಲೊಂದು ಗೋಧಿ ಹೊಲಕ್ಕೆ ಬಿತ್ತು. ಜನ ಒಡೆದುಕೊಂಡು ಹೋಗುತ್ತಿದ್ದರು ಅಂತ ಅದನ್ನು ಚರ್ಚಿನಲ್ಲಿ ಇಟ್ಟರು. ಅದರ ಪಕ್ಕ ಲ್ಯಾಟಿನ್ನಿನಲ್ಲಿ ಒಂದು ಬರಹ ಇತ್ತು. ಅರ್ಥ ಹೀಗೆ: ಈ ಕಲ್ಲಿನ ಬಗ್ಗೆ ಹಲವರಿಗೆ ಬಹಳ ಗೊತ್ತು, ಎಲ್ಲರಿಗೂ ಸ್ವಲ್ಪ ಗೊತ್ತು, ಸಾಕಷ್ಟು ಯಾರಿಗೂ ಗೊತ್ತಿಲ್ಲ. ನಾನು ಓದಿದ ಉಲ್ಕಾಶಿಲೆ ಚೀಟಿಗಳಲ್ಲಿ ಇದೇ ಅತ್ಯುತ್ತಮ. ಆದರೆ ತೂಕ ಬರೆದಿಲ್ಲ ನೋಡಿ!

ಮಾರನೆಯ ದಿನದಿಂದ ಶುರುವಾದದ್ದು ದಾಖಲೆ ಶುದ್ಧಿ. ಎರಡು ಕಲ್ಲಿನ ಸಿಟ್ಟನ್ನು ಉಳಿದ ತೊಂಬತ್ತರ ಮೇಲೆ ತೀರಿಸಿಕೊಂಡೆ. ಎಲ್ಲವನ್ನೂ ಎರಡು ದಶಮಾಂಶಕ್ಕೆ ಮತ್ತೆ ತೂಗಿದೆ. ತೂಗಿದ ದಿನಾಂಕ ಕೂಡ ಬರೆದೆ, ಯಾಕಂದರೆ ತೂಕ ನಿಂತ ನೀರಲ್ಲ. ಕಬ್ಬಿಣದ ಕಲ್ಲು ತುಕ್ಕು ಹಿಡಿದು ಚಕ್ಕೆ ಉದುರಿಸುತ್ತೆ. ಕೊಯ್ದರೆ ಗರಗಸದ ಬಾಯಿಗೆ ಒಂದು ಪಾಲು ಪುಡಿಯಾಗಿ ಹೋಗುತ್ತೆ. ಫೋಟೋ ಈಗ ಆರು ಬದಿಯಿಂದ, ಪಕ್ಕದಲ್ಲಿ ಒಂದು ಸೆಂಟಿಮೀಟರಿನ ಘನ, ಬೆಳಕು ಓರೆಯಾಗಿ. ಮೊದಲ ಫೋಟೋದಲ್ಲಿ ಕಲ್ಲಿನ ಜೊತೆ ಚೀಟಿ ಇರಲೇಬೇಕು.

ದಿನಾಂಕಗಳಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಲು ಶುರುಮಾಡಿದೆ. ಮೆಕ್ಸಿಕೋದ ಅಯೆಂದೆ ಕಲ್ಲು ಬಿದ್ದದ್ದು 1969ರ ಫೆಬ್ರವರಿ 8. ನನ್ನ ಚೀಟಿಯಲ್ಲಿ '8-2-69' ಅಂತಿತ್ತು. ಅದನ್ನೇ ಅಮೆರಿಕದವರು ಓದಿದರೆ ಆಗಸ್ಟ್ 2. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಆಸ್ಟ್ರೇಲಿಯಾದಲ್ಲಿ ಮರ್ಚಿಸನ್ ಕಲ್ಲು ಬೇರೆ ಬಿದ್ದಿದೆ. ಅಲ್ಲಿ ಗೊಂದಲ ಇಲ್ಲ, 28ನೇ ತಿಂಗಳು ಯಾರ ಪಂಚಾಂಗದಲ್ಲೂ ಇಲ್ಲವಲ್ಲ.

ಶಾಯಿಯ ಪಾಠ ಬೇರೆ ಕಲಿತೆ. ಅಂಗಡಿ ರಸೀದಿ ಮುದ್ರಿಸುವಂಥ ಪುಟ್ಟ ಯಂತ್ರದಲ್ಲಿ ಒಂದು ಕಾಲಕ್ಕೆ ಚೆಂದದ ಚೀಟಿ ಮಾಡಿಕೊಂಡಿದ್ದೆ. ಕಿಟಕಿ ಕಡೆಯ ಡ್ರಾಯರಿನಲ್ಲಿದ್ದವು ಈಗ ಮಸುಕು ಬೂದು. ಬಾಲ್ ಪೆನ್ನಿನವು ಅದಕ್ಕಿಂತ ವಾಸಿ, ಆದರೂ ಬಣ್ಣ ಬಿಟ್ಟಿವೆ. ಹತ್ತಾರು ವರ್ಷದ ಹಿಂದೆ ಬೇರೆ ಯಾರೋ ಪೆನ್ಸಿಲ್ಲಿನಲ್ಲಿ ಬರೆದದ್ದು ಮಾತ್ರ ನಿನ್ನೆ ಬರೆದ ಹಾಗಿದೆ. ಈಗ ಆಮ್ಲ ಇಲ್ಲದ ಕಾಗದ, ಪಿಗ್ಮೆಂಟ್ ಶಾಯಿ, ಹಿಂಬದಿಗೆ ಪೆನ್ಸಿಲ್. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುವಾಗ ಅದು ಚೀಟಿಗೂ ಕಲ್ಲಿಗೂ ತಾಗದ ಹಾಗೆ ನೋಡಿಕೊಳ್ಳುತ್ತೇನೆ. ಕಬ್ಬಿಣದ ಕಲ್ಲಿನಿಂದ ಬೆವರಿನ ಹಾಗೆ ತುಕ್ಕಿನ ಹನಿ ಬಂದರೆ ಮೊದಲು ಹಾಳಾಗುವುದು ಕೆಳಗಿನ ಕಾಗದ.

ಹಳೆಯ ಚೀಟಿಗಳನ್ನು ಬಿಸಾಡುವ ಚಟ ಕೂಡ ನನಗಿತ್ತು. ಹೊಸ ಚೀಟಿ ಬರೆದ ಮೇಲೆ ಹಳೆಯದು ಯಾಕೆ? ಕೊಳಕು, ಅಂಚು ಹರಿದದ್ದು, ಅಂಟಿನ ಕಲೆ. ಅದೃಷ್ಟಕ್ಕೆ ನಾನು ಸೋಮಾರಿ. ಬಿಸಾಡಬೇಕು ಅಂತ ಒಂದು ಲಕೋಟೆಗೆ ಹಾಕಿಟ್ಟವನು ಬಿಸಾಡಿರಲಿಲ್ಲ. ಶುದ್ಧಿಯ ಎರಡನೇ ವಾರ ಆ ಲಕೋಟೆ ಕೈಗೆ ಬಂತು.

ಅದರಲ್ಲಿ ಬೆಂಕಿಪೊಟ್ಟಣದ ಮುಖದಷ್ಟು ದಪ್ಪ ಕಾಗದದ ತುಂಡೊಂದಿತ್ತು. ಮಧ್ಯೆ ಒಂದು ಮಡಿಕೆ. ಮಡಿಕೆಯ ಉದ್ದಕ್ಕೂ ಕಾಗದ ಸವೆದು ನೂಲು ನೂಲಾಗಿದೆ. ಮುಂದೆ ನೀಲಿ ಶಾಯಿಯಲ್ಲಿ ಊರಿನ ಹೆಸರು, ಅದರ ಕೆಳಗೆ ಬಿದ್ದ ವರ್ಷ. 1868ರ 8 ಅಂಕಿಯನ್ನು ಬರೆದವರು ಎರಡು ಸೊನ್ನೆ ಒಂದರ ಮೇಲೊಂದು ಇಟ್ಟ ಹಾಗೆ ಬರೆದಿದ್ದಾರೆ, ನಡುವೆ ಕೂದಲೆಳೆಯಷ್ಟು ಸಂದು. ನನಗಿಂತ ಮುಂಚೆ ಆ ಪುಲ್ಟುಸ್ಕ್ ಇಟ್ಟುಕೊಂಡಿದ್ದವರ ಚೀಟಿ ಅದು. ಅವರಿಗೂ ಮುಂಚಿನವರದ್ದೋ ಏನೋ. ಹೊರಳಿಸಿದೆ. ಹಿಂದೆ, ಮೂಲೆಯಲ್ಲಿ, ಪೆನ್ಸಿಲ್ಲಿನಲ್ಲಿ, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಹಾಗೆ: 1.64.

ಇದನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೆ. ಹಿಂಬದಿ ನೋಡಿರಲಿಲ್ಲ.

ಖುಷಿಯಲ್ಲಿ ಅವತ್ತೇ ಸಂಖ್ಯೆ ಬರೆದುಬಿಡಬೇಕು ಅನಿಸಿತು. ಆದರೆ ತಡೆದೆ. ಅವರ ತಕ್ಕಡಿ ಎಂಥದ್ದೋ. ತೊಳೆಯುವಾಗ ಮಣ್ಣು ಒಂದಿಷ್ಟು ಹೋಗಿರಬಹುದು. 0.06 ಗ್ರಾಂ ಅಂದರೆ ಎಷ್ಟು ಮಹಾ? ಇನ್ನೊಂದು ಸಾಕ್ಷಿ ಬೇಕಿತ್ತು.

ಸಾಕ್ಷಿ ಕಲ್ಲಿನೊಳಗೇ ಇದೆ ಅಂತ ಗೊತ್ತಿತ್ತು. ಪುಲ್ಟುಸ್ಕ್ ಎಚ್5. ಎಚ್ ಗುಂಪಿನ ಕಲ್ಲಲ್ಲಿ ಕಬ್ಬಿಣ-ನಿಕ್ಕಲ್ ಲೋಹದ ಚೂರು ಜಾಸ್ತಿ. ಹೋಲ್‌ಬ್ರೂಕ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಂದಮೇಲೆ ಆಯಸ್ಕಾಂತಕ್ಕೆ ಪುಲ್ಟುಸ್ಕ್ ಜೋರಾಗಿ ಎಳೆಯಬೇಕು. ಒಂದು ಆಯಸ್ಕಾಂತ ತಗೊಂಡು ಹತ್ತಿರ ಹಿಡಿದರೆ ಮುಗಿಯಿತಲ್ಲ? ಅದನ್ನೇ ಮಾಡಬಾರದು. ಕಲ್ಲು ಕೋಟ್ಯಂತರ ವರ್ಷದ ಹಿಂದೆ ತನ್ನ ತಾಯಿ ಆಕಾಶಕಾಯದಲ್ಲಿ ಇದ್ದ ಕಾಂತಕ್ಷೇತ್ರದ ನೆನಪನ್ನು ಒಳಗೆ ಇಟ್ಟುಕೊಂಡಿರಬಹುದು. ಜೋರಾದ ಆಯಸ್ಕಾಂತ ತಾಗಿಸಿದರೆ ಕ್ಷಣದಲ್ಲಿ ಅದು ಅಳಿಸಿ ಹೊಸದು ಕೂರುತ್ತೆ. 'ಬ್ಲ್ಯಾಕ್ ಬ್ಯೂಟಿ' ಅಂತ ಕರೆಯುವ ಎನ್‌ಡಬ್ಲ್ಯುಎ 7034 ಮಂಗಳದ ಅಪರೂಪದ ಕಲ್ಲು. ಅದರ ಜೊತೆಗಾರ ತುಣುಕುಗಳನ್ನು, ಅಂದರೆ ಅದೇ ಕಲ್ಲಿನಿಂದ ಒಡೆದವು ಅಂತ ಗುರುತಿಸಿದವನ್ನು, ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದ್ದು ಇದನ್ನೇ. ಇದು ಉಲ್ಕಾಶಿಲೆ ಹೌದಾ ಅಂತ ನೋಡಲು ಯಾರೋ ಹಿಡಿದ ಕೈ ಆಯಸ್ಕಾಂತ ಹಳೆಯ ನೆನಪನ್ನೆಲ್ಲ ಒರೆಸಿಹಾಕಿತ್ತು. ನನ್ನ ಬಟಾಣಿಗಳಿಗೆ ಮುಂಚೆಯೇ ಯಾರಾದರೂ ಹಿಡಿದಿರಬಹುದು. ಆದರೂ ನನ್ನ ಕೈಯಿಂದ ಆಗೋದು ಬೇಡ.

ಇದಕ್ಕೆ ಬೇರೆ ಯಂತ್ರವಿದೆ. ತೀರಾ ಸಣ್ಣ ಕಾಂತಕ್ಷೇತ್ರದಲ್ಲಿ ಕಲ್ಲು ಎಷ್ಟು ಪ್ರತಿಕ್ರಿಯಿಸುತ್ತೆ ಅಂತ ಅಳೆಯುತ್ತೆ, ಒಳಗಿನ ನೆನಪಿಗೆ ಏನೂ ಆಗೋದಿಲ್ಲ. ಭೂವಿಜ್ಞಾನ ಓದುವ ಪರಿಚಯದ ಹುಡುಗಿಯೊಬ್ಬಳ ಬಳಿ ಅಂಥದ್ದು ಇತ್ತು. ಕೇಳಿದೆ. "ಅಂಕಲ್, ಇಷ್ಟು ಚಿಕ್ಕ ಕಲ್ಲಿಗೆ ನಂಬರ್ ಸರಿಯಾಗಿ ಬರಲ್ಲ," ಅಂದಳು. ನಿಜವೇ. ಆದರೆ ನನಗೆ ಸರಿಯಾದ ನಂಬರ್ ಬೇಕಿರಲಿಲ್ಲ, ಎರಡರಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾದರೆ ಸಾಕಿತ್ತು. ಎರಡೂ ಹೆಚ್ಚು ಕಡಿಮೆ ಒಂದೇ ತೂಕ, ಒಂದೇ ಗಾತ್ರ, ಒಂದೇ ದುಂಡು. ನನ್ನನ್ನು ಮೂರು ವಾರ ಕಾಡಿದ್ದೇ ಆ ಹೋಲಿಕೆ. ಈಗ ಅದೇ ಕೆಲಸಕ್ಕೆ ಬಂತು. ಒಂದೇ ಜಾಗದಲ್ಲಿ ಒಂದರ ನಂತರ ಒಂದು ಇಟ್ಟು ಐದೈದು ಸಲ ಅಳೆದಳು. 1.64 ಗ್ರಾಂನದ್ದು ಐದೂ ಸಲ ಮುಂದೆ. ಅಳತೆಯಲ್ಲಿ ಎದ್ದು ಕಾಣುವಷ್ಟು ಮುಂದೆ.

ಪೆನ್ಸಿಲ್ ಗುರುತು, ಯಂತ್ರದ ಗುರುತು, ಎರಡೂ ಒಂದೇ ಕಡೆ.

ಆ ಸಂಜೆಯೇ ಎರಡಕ್ಕೂ ಮೈಮೇಲೆ ಸಂಖ್ಯೆ ಬರೆದೆ. ಬಟಾಣಿಯ ಮೇಲೆ ಬರೆಯಲು ನಾನು ಬಳಸುವ ಪೆನ್ನು ದಪ್ಪವಾಯಿತು, ಹೊಸದು ತರಬೇಕಾಯಿತು. ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಎರಡೇ ಅಂಕಿ. ಪುಲ್ಟುಸ್ಕ್ ಮೇಲೆ 41 ಬರೆಯುವಾಗ 1 ಸ್ವಲ್ಪ ವಾಲಿತು. ಇರಲಿ ಅಂತ ಬಿಟ್ಟೆ.

ಹಳೆಯ ನೀಲಿ ಶಾಯಿಯ ಚೀಟಿ ಈಗ ಪಾರದರ್ಶಕ ಪೊರೆಯೊಳಗೆ ಕಲ್ಲಿನ ಜೊತೆಗೇ ಇದೆ, ಹಿಂಬದಿ ಮೇಲಾಗಿ. ನೋಟ್‌ಬುಕ್ಕಿನಲ್ಲಿ 41ರ ಎದುರು ಷರಾ ಕಾಲಂ ಸಾಲದೆ ಪಕ್ಕದ ಪುಟಕ್ಕೆ ಹೋಗಿದೆ. ಯಾವ ದಿನ ಕಲ್ಲುಗಳು ಬೆರೆತವು, ಹೇಗೆ, ಯಾರ ತಪ್ಪು, ಎಷ್ಟು ದಿನ ಹೆಸರಿಲ್ಲದೆ ಇದ್ದವು, ಯಾವ ಎರಡು ಕಾರಣದಿಂದ ಮತ್ತೆ ಹೆಸರು ಕೊಟ್ಟೆ, ಎಲ್ಲಾ ಇದೆ. 'ಖಚಿತ' ಅಂತ ಬರೆಯಲಿಲ್ಲ. 'ಬಹುತೇಕ ಖಚಿತ' ಅಂತ ಬರೆದೆ. ನಾಳೆ ಯಾರಾದರೂ 41ನ್ನು ಕೊಯ್ದು ನೋಡಿ ಇಲ್ಲ ಅಂದರೆ, ತಪ್ಪು ಎಲ್ಲಿ ಶುರುವಾಯಿತು ಅಂತ ಅವರಿಗೆ ಹುಡುಕುವ ಕಷ್ಟ ಇರೋದಿಲ್ಲ. ಆ ಪುಟದ ಕೆಳಗೆ ಜಾಗ ಬಿಟ್ಟಿದ್ದೀನಿ.

'ಪುಲ್ಟುಸ್ಕ್ ಅಥವಾ ಹೋಲ್‌ಬ್ರೂಕ್' ಅಂತ ಬರೆದ ಆ ರಾತ್ರಿಯ ಚೀಟಿ? ಅದೂ ಲಕೋಟೆಯಲ್ಲಿದೆ.